ಕಾಲೇಜು ಅಸೈನ್‌ಮೆಂಟ್: ವಾದಪ್ರಬಂಧವೋ, ಸಂಶೋಧನಾ ಲೇಖನವೋ, ರಿವ್ಯೂನೋ, ಪ್ರಯೋಗವೋ?

ಅಸೈನ್‌ಮೆಂಟ್ ಹಾಳೆಯಲ್ಲಿ ‘ಕೆಳಗಿನ ಯಾವುದಾದರೂ ಒಂದು ಬಗೆಯಲ್ಲಿ ಬರೆಯಿರಿ’ ಎಂದಿದ್ದಾಗ ಹೆಚ್ಚಿನ ವಿದ್ಯಾರ್ಥಿಗಳು ಮೊದಲು ಟಾಪಿಕ್ ಹುಡುಕಲು ಹೊರಡುತ್ತಾರೆ. ಇನ್ನು ಕೆಲವರು ಯಾವುದು ಬೇಗ ಮುಗಿಯುವಂತೆ ಕಾಣುತ್ತದೋ ಅದಕ್ಕೆ ಕೈಹಾಕುತ್ತಾರೆ. ಎರಡೂ ದಾರಿಯಲ್ಲಿ ಹೋದವರು ಗಡುವು ಹತ್ತಿರ ಬಂದಾಗ ಒಂದೇ ಕಡೆ ಸಿಕ್ಕಿಬೀಳುತ್ತಾರೆ. ಟಾಪಿಕ್ ಚೆನ್ನಾಗಿರುತ್ತದೆ, ಆದರೆ ಅದನ್ನು ಸಾಧಿಸಿ ತೋರಿಸಲು ಬೇಕಾದ ಪುರಾವೆ ಕೈಯಲ್ಲಿರುವುದಿಲ್ಲ. ಹಾಗಾಗಿ ನನ್ನ ಸಲಹೆ ತಿರುಗಾಮುರುಗಾ ಇದೆ: ಗಡುವಿನೊಳಗೆ ನಿಮಗೆ ಯಾವ ಬಗೆಯ ಪುರಾವೆ ಸಿಗುತ್ತದೆ ಎಂಬುದನ್ನು ಮೊದಲು ನೋಡಿ, ಬರಹದ ಬಗೆಯನ್ನು ಅದರ ಮೇಲೆ ಆರಿಸಿ, ಟಾಪಿಕ್ಕನ್ನು ಆಮೇಲೆ ಕಿರಿದು ಮಾಡಿಕೊಳ್ಳಿ.

ಬಗೆಗಳ ನಡುವಿನ ವ್ಯತ್ಯಾಸ ಕಾಣಬೇಕಾದರೆ ಒಂದೇ ವಿಷಯವನ್ನು ಎಲ್ಲಕ್ಕೂ ಒಡ್ಡಿ ನೋಡಬೇಕು. 1854ರ ಲಂಡನ್ ಕಾಲರಾವನ್ನು ತೆಗೆದುಕೊಳ್ಳೋಣ. ಇತಿಹಾಸ, ಜೀವಶಾಸ್ತ್ರ, ಸಂಖ್ಯಾಶಾಸ್ತ್ರ, ಅರ್ಥಶಾಸ್ತ್ರ, ಸಾಹಿತ್ಯ, ಯಾವ ವಿಭಾಗದವರೂ ಅದನ್ನು ಕೈಗೆತ್ತಿಕೊಳ್ಳಬಹುದು. ಆ ವರ್ಷ ಆಗಸ್ಟ್ ಕೊನೆಯಲ್ಲಿ ಸೋಹೋ ಪ್ರದೇಶದ ಬ್ರಾಡ್ ಸ್ಟ್ರೀಟ್ ಸುತ್ತಮುತ್ತ ಕಾಲರಾ ಸಿಡಿಯಿತು. ಹತ್ತು ದಿನಗಳಲ್ಲಿ 500ಕ್ಕೂ ಹೆಚ್ಚು ಜನ ಸತ್ತರು. ರೋಗ ಹರಡುತ್ತಿರುವುದು ಕೆಟ್ಟ ಗಾಳಿಯಿಂದಲ್ಲ, ನೀರಿನಿಂದ ಎಂದು ವೈದ್ಯ ಜಾನ್ ಸ್ನೋ ವಾದಿಸಿದರು. ಅವರ ಮಾತಿನ ಮೇಲೆ ಸೆಪ್ಟೆಂಬರ್ 8ರಂದು ಅಲ್ಲಿನ ಬೀದಿಯಲ್ಲಿ ಬಾವಿಯ ನೀರೆತ್ತುವ ಪಂಪಿನ ಹಿಡಿಯನ್ನು ತೆಗೆದುಹಾಕಲಾಯಿತು.

ವಾದಪ್ರಬಂಧ ಮತ್ತು ಸಂಶೋಧನಾ ಲೇಖನ

ಗೊಂದಲ ಹೆಚ್ಚಿರುವುದು ಇಲ್ಲೇ, ಆದ್ದರಿಂದ ಇಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ. ಎರಡರಲ್ಲೂ ಆಕರಗಳಿರುತ್ತವೆ, ಎರಡರಲ್ಲೂ ಒಂದು ತೀರ್ಮಾನ ಇರುತ್ತದೆ. ಹಾಗಾಗಿ ಉದ್ದವಾದ ಪ್ರಬಂಧವೇ ಸಂಶೋಧನಾ ಲೇಖನ ಎಂದು ಅನೇಕರು ತಿಳಿದಿದ್ದಾರೆ. ಪುಟದ ಲೆಕ್ಕಕ್ಕೂ ಈ ವ್ಯತ್ಯಾಸಕ್ಕೂ ಸಂಬಂಧವಿಲ್ಲ.

ವಾದಪ್ರಬಂಧದಲ್ಲಿ ಸಂಗತಿಗಳು ಬಹುಮಟ್ಟಿಗೆ ಓದುಗರಿಗೂ ಗೊತ್ತಿರುವಂಥವೇ. ಅವುಗಳಿಂದ ಏನನ್ನು ಹೇಳಬಹುದು ಎಂಬುದರ ಮೇಲೆ ಜಗಳ. ‘ಪಂಪಿನ ಹಿಡಿ ತೆಗೆದಿದ್ದರಿಂದಲೇ ಕಾಲರಾ ನಿಂತಿತೇ?’ ಎಂಬ ಪ್ರಶ್ನೆ ಇದಕ್ಕೆ ಹೇಳಿ ಮಾಡಿಸಿದಂತಿದೆ. ಹಿಡಿ ತೆಗೆಯುವ ಹೊತ್ತಿಗೆ ಸಾವುಗಳು ಇಳಿಮುಖವಾಗಿದ್ದವು, ಜನ ಮನೆ ಬಿಟ್ಟು ಓಡಿಹೋಗಿದ್ದರು. ಇದನ್ನು ಸ್ನೋ ಅವರೇ ಒಪ್ಪಿದ್ದಾರೆ. ಹಾಗಿದ್ದರೆ ಹಿಡಿಯ ಕಥೆ ಬರೀ ದಂತಕಥೆಯೇ? ಅಷ್ಟು ಸುಲಭವಲ್ಲ. ಅದೇ ಪ್ರದೇಶದ ಪಾದ್ರಿ ಹೆನ್ರಿ ವೈಟ್‌ಹೆಡ್ ಮೊದಲು ಸ್ನೋ ವಾದವನ್ನು ನಂಬಿರಲಿಲ್ಲ. ಅದನ್ನು ಅಲ್ಲಗಳೆಯಲೆಂದೇ ಮನೆಮನೆ ತಿರುಗಿ ವಿಚಾರಿಸಿದವರು ಕೊನೆಗೆ ಬಾವಿಯ ಪಕ್ಕದ ಮನೆಯ ಒಂದು ಹಸುಗೂಸಿನ ಕಾಯಿಲೆಯ ತನಕ ಬಂದು ಮುಟ್ಟಿದರು. ಮಗುವಿನ ಬಟ್ಟೆ ತೊಳೆದ ನೀರು ಬಾವಿಗೆ ಹತ್ತಿರದಲ್ಲೇ ಇದ್ದ ಮಲಗುಂಡಿಗೆ ಹೋಗುತ್ತಿತ್ತು. ಹಿಡಿ ತೆಗೆದ ಹೊತ್ತಿಗೇ ಮಗುವಿನ ತಂದೆಗೂ ಕಾಲರಾ ತಗುಲಿತ್ತು. ಅಂದರೆ ಬಾವಿಯ ನೀರು ಮತ್ತೊಮ್ಮೆ ಕೆಡಬಹುದಾಗಿತ್ತು. ಹಿಡಿ ಇಲ್ಲದಿದ್ದುದರಿಂದ ಎರಡನೆಯ ಅಲೆ ತಪ್ಪಿರಬಹುದು. ಎರಡೂ ಕಡೆಗೆ ಗಟ್ಟಿ ಮಾತು ಇರುವ ಇಂಥ ಪ್ರಶ್ನೆ ಸಿಕ್ಕರೆ ವಾದಪ್ರಬಂಧ ಬರೆಯಿರಿ. ಇಲ್ಲಿ ಅಂಕ ಬರುವುದು ಎದುರು ಪಕ್ಷದ ಅತ್ಯಂತ ಬಲವಾದ ಮಾತನ್ನು ನೀವೇ ಎತ್ತಿ, ಅದಕ್ಕೆ ಉತ್ತರ ಕೊಟ್ಟಾಗ. ದುರ್ಬಲವಾದ ಆಕ್ಷೇಪವೊಂದನ್ನು ತಾವೇ ಸೃಷ್ಟಿಸಿ ತಾವೇ ಬೀಳಿಸುವ ಪ್ರಬಂಧಗಳು ಮೇಷ್ಟರ ಕಣ್ಣಿಗೆ ಬೇಗ ಬೀಳುತ್ತವೆ.

ಸಂಶೋಧನಾ ಲೇಖನ ಬೇರೆ ಕಡೆಯಿಂದ ಶುರುವಾಗುತ್ತದೆ. ಪ್ರಶ್ನೆಗೆ ಉತ್ತರ ನಿಮಗೇ ಗೊತ್ತಿರಬಾರದು. ‘ಸ್ನೋ ಇಷ್ಟು ಹೇಳಿದ ಮೇಲೂ ಸರ್ಕಾರದ ಆರೋಗ್ಯ ಮಂಡಳಿ ಏಕೆ ಒಪ್ಪಲಿಲ್ಲ, 1866ರ ಹೊತ್ತಿಗೆ ಏನು ಬದಲಾಯಿತು?’ ಎಂಬುದನ್ನು ನೋಡಿ. ಇದಕ್ಕೆ ಉತ್ತರಿಸಲು ಮಂಡಳಿಯ ಸಮಿತಿ ತನ್ನ ವರದಿಯಲ್ಲಿ ನೀರಿನ ವಾದವನ್ನು ಯಾವ ಕಾರಣ ಕೊಟ್ಟು ತಳ್ಳಿಹಾಕಿತು ಎಂಬುದನ್ನು ಮೂಲದಲ್ಲೇ ಓದಬೇಕು. ಸರ್ಕಾರಿ ಅಂಕಿಅಂಶಗಳ ಹೊಣೆ ಹೊತ್ತಿದ್ದ ವಿಲಿಯಂ ಫಾರ್, ಥೇಮ್ಸ್ ನದಿಯ ಮಟ್ಟದಿಂದ ಮೇಲಕ್ಕೆ ಹೋದಂತೆ ಕಾಲರಾ ಸಾವು ಕಡಿಮೆಯಾಗುತ್ತದೆ ಎಂದು ಲೆಕ್ಕ ಹಾಕಿ ತೋರಿಸಿದ್ದರು. ತಗ್ಗಿನಲ್ಲಿ ಕೆಟ್ಟ ಗಾಳಿ ನಿಲ್ಲುತ್ತದೆ ಎನ್ನುವವರಿಗೆ ಅದು ಬಲವಾದ ಆಧಾರ. ಅದೇ ಫಾರ್ 1866ರ ಪೂರ್ವ ಲಂಡನ್ನಿನ ಕಾಲರಾ ವೇಳೆಗೆ ನೀರಿನ ಕಡೆ ಬೆರಳು ತೋರಿಸಿದರು. ಇಂಥ ದಾರಿಯಲ್ಲಿ ಹೊರಟಾಗ ಅರ್ಧದಲ್ಲಿ ನಿಮ್ಮ ಉತ್ತರವೇ ಬದಲಾಗಬಹುದು. ಅಧಿಕಾರಿಗಳ ಮೊಂಡುತನ ಎಂದುಕೊಂಡು ಹೊರಟವರಿಗೆ, ಅವರ ಬಳಿಯೂ ಒಪ್ಪತಕ್ಕ ಅಂಕಿಅಂಶ ಇತ್ತು ಎಂದು ಗೊತ್ತಾಗಬಹುದು. ಆ ಬದಲಾವಣೆಗೆ ಸಮಯ ಇಟ್ಟುಕೊಳ್ಳದಿದ್ದರೆ ಸಂಶೋಧನಾ ಲೇಖನಕ್ಕೆ ಹೋಗಬೇಡಿ.

ಆಯ್ಕೆ ಹೀಗೆ ಮಾಡಿಕೊಳ್ಳಬಹುದು. ಎರಡು ಮೂರು ವಾರ ಮಾತ್ರ ಇದೆ, ಮೂಲ ದಾಖಲೆಗಳು ಸಿಗುವುದು ಖಾತ್ರಿಯಿಲ್ಲ ಎಂದಾದರೆ ವಾದಪ್ರಬಂಧ. ಆರು ವಾರಕ್ಕಿಂತ ಹೆಚ್ಚು ಸಮಯವಿದ್ದು, ಗ್ರಂಥಾಲಯದಲ್ಲೋ ಡಿಜಿಟಲ್ ಸಂಗ್ರಹದಲ್ಲೋ ಮೂಲ ಆಕರಗಳು ನಿಮಗೆ ಓದಲು ಬರುವ ಭಾಷೆಯಲ್ಲಿ ಇದ್ದರೆ ಸಂಶೋಧನಾ ಲೇಖನ. ಎರಡು ಬರಹಗಳ ಮಟ್ಟ ಒಂದೇ ಆಗಿದ್ದರೆ ಸಂಶೋಧನಾ ಲೇಖನಕ್ಕೆ ಹೆಚ್ಚು ಗೌರವ ಸಿಗುತ್ತದೆ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಬಿಗಿಯಾದ ವಾದಪ್ರಬಂಧವೊಂದು ಸಡಿಲವಾದ ಸಂಶೋಧನೆಗಿಂತ ಯಾವಾಗಲೂ ಮೇಲು.

ಲಿಟರೇಚರ್ ರಿವ್ಯೂ

ಬೇರೆಯವರು ಮಾಡಿದ ಅಧ್ಯಯನಗಳನ್ನು ಓದಿ, ಅವು ಎಲ್ಲಿ ಒಪ್ಪುತ್ತವೆ, ಎಲ್ಲಿ ಜಗಳವಾಡುತ್ತವೆ, ಯಾವ ಪ್ರಶ್ನೆ ಇನ್ನೂ ಖಾಲಿ ಉಳಿದಿದೆ ಎಂದು ಹೇಳುವುದು ರಿವ್ಯೂ ಕೆಲಸ. ಪ್ರಯೋಗಾಲಯ ಬೇಡ, ಊರೂರು ಅಲೆಯಬೇಕಿಲ್ಲ, ಹಾಗಾಗಿ ಸುಲಭ ಎನಿಸುತ್ತದೆ. ಆದರೆ ನನ್ನ ಅನುಭವದಲ್ಲಿ ಅತಿ ಹೆಚ್ಚು ಕೆಡುವ ಬಗೆ ಇದೇ. ಕೆಡುವ ರೀತಿಯೂ ಒಂದೇ: ಒಂದು ಪ್ಯಾರಾದಲ್ಲಿ ಒಬ್ಬರು ಹೀಗೆ ಹೇಳಿದ್ದಾರೆ, ಮುಂದಿನ ಪ್ಯಾರಾದಲ್ಲಿ ಇನ್ನೊಬ್ಬರು ಹಾಗೆ ಹೇಳಿದ್ದಾರೆ, ಹೀಗೆ ಇಪ್ಪತ್ತು ಜನರ ಸಾರಾಂಶ. ಅದು ಓದಿದ್ದರ ಪಟ್ಟಿಯಷ್ಟೇ. ಪ್ಯಾರಾಗಳನ್ನು ಲೇಖಕರ ಹೆಸರಿನ ಮೇಲೆ ಕಟ್ಟದೆ ಪ್ರಶ್ನೆಗಳ ಮೇಲೆ ಕಟ್ಟಿದರೆ ಅರ್ಧ ರೋಗ ವಾಸಿಯಾಗುತ್ತದೆ. ‘ಮನೆಯಲ್ಲೇ ನೀರಿಗೆ ಕ್ಲೋರಿನ್ ಹಾಕುವುದರಿಂದ ಅತಿಸಾರ ಕಡಿಮೆಯಾಗುತ್ತದೆಯೇ’ ಎಂಬುದು ಟಾಪಿಕ್ ಆದರೆ, ಒಂದು ಪ್ಯಾರಾ ಅಳತೆಯ ವಿಧಾನದ ಬಗ್ಗೆ, ಇನ್ನೊಂದು ಜನ ಅದನ್ನು ಎಷ್ಟು ದಿನ ಬಿಡದೆ ಬಳಸಿದರು ಎಂಬುದರ ಬಗ್ಗೆ, ಮತ್ತೊಂದು ಬೇರೆ ಬೇರೆ ಅಧ್ಯಯನಗಳ ಫಲಿತಾಂಶ ಏಕೆ ಬೇರೆಯಾಯಿತು ಎಂಬುದರ ಬಗ್ಗೆ ಇರಲಿ.

ಹಾಳೆಯಲ್ಲಿ ‘ಸಿಸ್ಟಮ್ಯಾಟಿಕ್ ರಿವ್ಯೂ’ ಎಂದಿದ್ದರೆ ಎಚ್ಚರಿಕೆ ಇರಲಿ. ಅದರಲ್ಲಿ ಯಾವ ಡೇಟಾಬೇಸ್‌ನಲ್ಲಿ ಯಾವ ಪದ ಹಾಕಿ ಹುಡುಕಿದಿರಿ, ಎಷ್ಟು ಲೇಖನ ಸಿಕ್ಕವು, ಯಾವುದನ್ನು ಯಾವ ಕಾರಣಕ್ಕೆ ಬಿಟ್ಟಿರಿ ಎಂಬುದೆಲ್ಲ ದಾಖಲಾಗಬೇಕು. ಇದಕ್ಕೆ ಹೆಚ್ಚಾಗಿ ಅನುಸರಿಸುವುದು 2009ರಲ್ಲಿ ಬಂದು 2020ರಲ್ಲಿ ಪರಿಷ್ಕೃತವಾದ ಪ್ರಿಸ್ಮಾ ಮಾರ್ಗಸೂಚಿ. ಒಬ್ಬರೇ, ಒಂದು ಸೆಮಿಸ್ಟರಿನಲ್ಲಿ, ಇತರ ಪೇಪರ್‌ಗಳ ಜೊತೆಗೆ ಇದನ್ನು ಸರಿಯಾಗಿ ಮಾಡುವುದು ಕಷ್ಟ. ಸಾಧಾರಣ ರಿವ್ಯೂಗೆ ಅವಕಾಶ ಇದ್ದರೆ ಅದನ್ನೇ ಆರಿಸಿ.

ಪ್ರಯೋಗ ಮತ್ತು ಸರ್ವೆ

ವಿಜ್ಞಾನ ವಿಭಾಗಗಳಲ್ಲಿ ಪ್ರಯೋಗ ವರದಿಯ ಚೌಕಟ್ಟು ಬಹುತೇಕ ಸಿದ್ಧವಾಗಿಯೇ ಇರುತ್ತದೆ: ಪೀಠಿಕೆ, ವಿಧಾನ, ಫಲಿತಾಂಶ, ಚರ್ಚೆ. ರಚನೆಯ ಚಿಂತೆ ಇಲ್ಲದಿರುವುದು ದೊಡ್ಡ ಅನುಕೂಲ. ಬರವಣಿಗೆಯಲ್ಲಿ ಅಷ್ಟು ಪಳಗದವರಿಗೂ ಇದು ಒಗ್ಗುತ್ತದೆ. ಒಂದೇ ಕಟ್ಟುನಿಟ್ಟು: ಫಲಿತಾಂಶದಲ್ಲಿ ಕಂಡದ್ದು ಮಾತ್ರ ಇರಬೇಕು, ಅದರ ಅರ್ಥವೇನು ಎಂಬುದು ಚರ್ಚೆಗೆ ಹೋಗಬೇಕು. ಇವೆರಡನ್ನು ಕಲಸಿದ ವರದಿಗಳೇ ಹೆಚ್ಚು.

ಕಾಲರಾ ಉದಾಹರಣೆಯಲ್ಲಿ ನಿಮ್ಮ ಕೈಗೆಟುಕುವ ಪ್ರಯೋಗ ಎಂದರೆ ಬೇರೆ ಬೇರೆ ಹೊತ್ತು ಕ್ಲೋರಿನ್ ಹಾಕಿಟ್ಟ ನೀರಿನ ಮಾದರಿಗಳಲ್ಲಿ ಕೋಲಿಫಾರ್ಮ್ ಬ್ಯಾಕ್ಟೀರಿಯಾ (ನೀರು ಕೆಟ್ಟಿರುವುದರ ಸುಳಿವು ಕೊಡುವ ಗುಂಪು) ಎಣಿಸುವುದು. ಕಾಲರಾ ಬ್ಯಾಕ್ಟೀರಿಯಾವನ್ನೇ ವಿದ್ಯಾರ್ಥಿಗಳ ಲ್ಯಾಬಿನಲ್ಲಿ ಬೆಳೆಸುವ ಮಾತೇ ಇಲ್ಲ. ಕುಡಿಯುವ ನೀರಿನ 100 ಮಿಲಿಲೀಟರ್ ಮಾದರಿಯಲ್ಲಿ ಕೋಲಿಫಾರ್ಮ್ ಗುಂಪಿನದೇ ಆದ ಇ. ಕೋಲಿ ಪತ್ತೆಯಾಗಲೇಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ ಹೇಳುವುದರಿಂದ ಹೋಲಿಸಲು ಒಂದು ಸ್ಪಷ್ಟ ಅಳತೆಗೋಲೂ ಸಿಗುತ್ತದೆ. ಆದರೆ ಇಂಥ ಪರೀಕ್ಷೆಯಲ್ಲಿ ಮಾದರಿಗಳನ್ನು 24ರಿಂದ 48 ಗಂಟೆ ಕಾವಿನಲ್ಲಿಡಬೇಕು, ಪ್ರತಿ ಮಾದರಿಯನ್ನೂ ಕನಿಷ್ಠ ಮೂರು ಬಾರಿ ಮಾಡಬೇಕು, ಒಂದು ಸಲ ಕೆಟ್ಟರೆ ಮೊದಲಿನಿಂದ ಶುರು. ಲ್ಯಾಬ್ ನಿಮಗೆ ವಾರಕ್ಕೆ ಒಂದೇ ದಿನ ಸಿಗುವುದಾದರೆ ಕ್ಯಾಲೆಂಡರ್ ಹಿಡಿದು ಲೆಕ್ಕ ಹಾಕಿ ನೋಡಿ, ಆಮೇಲೆ ಒಪ್ಪಿಕೊಳ್ಳಿ.

ಸಮಾಜಶಾಸ್ತ್ರ, ಮನಃಶಾಸ್ತ್ರ, ವಾಣಿಜ್ಯ ವಿಭಾಗಗಳವರಿಗೆ ಪ್ರಯೋಗದ ಜಾಗದಲ್ಲಿ ಸರ್ವೆ ಬರುತ್ತದೆ. ಆನ್‌ಲೈನ್ ಫಾರಂ ಮಾಡಿ ಸ್ನೇಹಿತರ ಗುಂಪಿಗೆ ಹಾಕಿದರೆ ಒಂದೇ ಸಂಜೆಗೆ ನೂರು ಉತ್ತರ ಬರುತ್ತದೆ. ಆ ನೂರು ಜನರನ್ನು ಚೀಟಿ ಎತ್ತಿದಂತೆ ಯಾದೃಚ್ಛಿಕವಾಗಿ ಆರಿಸಿದ್ದರೂ, ಶೇಕಡಾವಾರು ಉತ್ತರದಲ್ಲಿ ಹತ್ತು ಅಂಶದಷ್ಟು ಆಚೀಚೆ ಆಗುವ ಸಾಧ್ಯತೆ ಇರುತ್ತದೆ. ಅದನ್ನು ಐದು ಅಂಶಕ್ಕೆ ಇಳಿಸಲು ಸುಮಾರು 400 ಜನ ಬೇಕು. ಸ್ನೇಹಿತರ ಗುಂಪಂತೂ ಯಾದೃಚ್ಛಿಕವೇ ಅಲ್ಲ, ಅಲ್ಲಿ ಈ ಲೆಕ್ಕವೂ ನಿಲ್ಲುವುದಿಲ್ಲ. ‘ಯುವಜನರು ಹೀಗೆ ಯೋಚಿಸುತ್ತಾರೆ’ ಎಂದು ಬರೆಯುವ ಹಕ್ಕು ಅಂಥ ಸರ್ವೆಯಿಂದ ಸಿಗದು. ಮನುಷ್ಯರನ್ನು ಪ್ರಶ್ನಿಸುವ ಅಧ್ಯಯನಕ್ಕೆ ಅನೇಕ ಸಂಸ್ಥೆಗಳಲ್ಲಿ ನೈತಿಕ ಸಮಿತಿಯ ಒಪ್ಪಿಗೆಯೂ ಬೇಕಾಗುತ್ತದೆ, ಅದಕ್ಕೆ ವಾರಗಟ್ಟಲೆ ಹಿಡಿಯಬಹುದು. ಸಮಯ ಕಡಿಮೆ ಇದ್ದರೆ ಸ್ವಂತ ಸರ್ವೆ ಬಿಟ್ಟು, ಸರ್ಕಾರಗಳೂ ಅಂತರರಾಷ್ಟ್ರೀಯ ಸಂಸ್ಥೆಗಳೂ ಈಗಾಗಲೇ ಪ್ರಕಟಿಸಿರುವ ದತ್ತಾಂಶವನ್ನು ತೆಗೆದುಕೊಂಡು ಹೊಸ ಪ್ರಶ್ನೆ ಕೇಳಿ. ಇದನ್ನು ನಾನು ಒತ್ತಿ ಹೇಳುತ್ತೇನೆ, ಏಕೆಂದರೆ ಹೆಚ್ಚಿನವರ ಗಮನಕ್ಕೆ ಈ ದಾರಿ ಬರುವುದೇ ಇಲ್ಲ.

ಸ್ನೋ ಅವರ ಅತ್ಯುತ್ತಮ ಕೆಲಸವೂ ಈ ಬಗೆಯದೇ. ದಕ್ಷಿಣ ಲಂಡನ್ನಿನ ಅನೇಕ ಬೀದಿಗಳಲ್ಲಿ ಎರಡು ಕಂಪನಿಗಳು ಅಕ್ಕಪಕ್ಕದ ಮನೆಗಳಿಗೆ ನೀರು ಕೊಡುತ್ತಿದ್ದವು. ಲ್ಯಾಂಬೆತ್ ಕಂಪನಿ 1852ರಲ್ಲಿ ತನ್ನ ನೀರೆತ್ತುವ ಜಾಗವನ್ನು ಕೊಳಚೆ ಸೇರುವ ಭಾಗಕ್ಕಿಂತ ನದಿಯ ಮೇಲಕ್ಕೆ ಒಯ್ದಿತ್ತು. ಸೌತ್‌ವರ್ಕ್ ಅಂಡ್ ವಾಕ್ಸಾಲ್ ಕಂಪನಿ ಒಯ್ದಿರಲಿಲ್ಲ. 1854ರ ಕಾಲರಾದ ಮೊದಲ ಏಳು ವಾರಗಳಲ್ಲಿ ಎರಡನೆಯ ಕಂಪನಿಯ ಪ್ರತಿ 10,000 ಮನೆಗಳಿಗೆ 315 ಸಾವು, ಲ್ಯಾಂಬೆತ್ ಮನೆಗಳಲ್ಲಿ 37. ಸಾವಿನ ದಾಖಲೆ ಸರ್ಕಾರದ್ದು, ಯಾವ ಮನೆಗೆ ಯಾರ ನೀರು ಎಂದು ಬಾಗಿಲು ತಟ್ಟಿ ಕೇಳಿದ ಶ್ರಮ ಸ್ನೋ ಅವರದ್ದು. ಇರುವ ದತ್ತಾಂಶಕ್ಕೆ ಒಂದೇ ಒಂದು ಹೊಸ ಅಂಕಣ ಸೇರಿಸಿದ್ದರಿಂದ ಎದ್ದು ಬಂದ ಉತ್ತರ ಅದು. ಅರ್ಥಶಾಸ್ತ್ರ, ಸಂಖ್ಯಾಶಾಸ್ತ್ರದ ವಿದ್ಯಾರ್ಥಿಗಳು ಈ ಕೋಷ್ಟಕದ ಮೇಲೆಯೇ ಒಂದು ಒಳ್ಳೆಯ ಅಸೈನ್‌ಮೆಂಟ್ ಬರೆಯಬಹುದು.

ಕೇಸ್ ಸ್ಟಡಿ

ಮ್ಯಾನೇಜ್‌ಮೆಂಟ್, ಕಾನೂನು, ವೈದ್ಯಕೀಯ, ಸಮಾಜಕಾರ್ಯ, ಶಿಕ್ಷಣ ವಿಭಾಗಗಳಲ್ಲಿ ಇದು ಬಳಕೆಯಲ್ಲಿದೆ. ಒಂದು ಸಂಸ್ಥೆ, ಒಂದು ಕುಟುಂಬ, ಒಂದು ತೀರ್ಪು ತೆಗೆದುಕೊಂಡು ಆಳಕ್ಕೆ ಇಳಿಯುವುದು. ಒಂದೇ ಪ್ರಕರಣದ ಬಲ ಎಷ್ಟಿರಬಹುದು ಎಂಬುದಕ್ಕೂ ಸ್ನೋ ದಾಖಲೆಯಲ್ಲಿ ಉದಾಹರಣೆ ಇದೆ. ಬ್ರಾಡ್ ಸ್ಟ್ರೀಟಿನಿಂದ ದೂರದ ಹ್ಯಾಂಪ್‌ಸ್ಟೆಡ್‌ನಲ್ಲಿದ್ದ ಒಬ್ಬ ವಿಧವೆಗೆ ಆ ಪಂಪಿನ ನೀರಿನ ರುಚಿಯೇ ಇಷ್ಟ, ಅದನ್ನು ತರಿಸಿ ಕುಡಿಯುತ್ತಿದ್ದರು. ಅವರೂ ಕಾಲರಾದಿಂದ ಸತ್ತರು, ಅವರಿದ್ದ ಕಡೆ ರೋಗವೇ ಇರಲಿಲ್ಲ. ಗಾಳಿಯ ವಾದಕ್ಕೆ ಇದನ್ನು ವಿವರಿಸುವುದು ಕಷ್ಟ.

ಮಿತಿಯನ್ನೂ ಅಷ್ಟೇ ಸ್ಪಷ್ಟವಾಗಿ ತಿಳಿದಿರಬೇಕು. 1998ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಕೇವಲ 12 ಮಕ್ಕಳ ಪ್ರಕರಣಗಳನ್ನಿಟ್ಟು ದಡಾರ, ಮಂಗಬಾವು, ರುಬೆಲ್ಲಾ ತಡೆಯುವ ಎಂಎಂಆರ್ ಲಸಿಕೆಗೂ ಆಟಿಸಂಗೂ ನಂಟಿರುವಂತೆ ಸೂಚಿಸಿದ ಲೇಖನ ಬಂತು. 2010ರಲ್ಲಿ ಪತ್ರಿಕೆ ಅದನ್ನು ಹಿಂತೆಗೆದುಕೊಂಡಿತು. ಅದರಲ್ಲಿ ಅಪ್ರಾಮಾಣಿಕತೆಯೂ ಇತ್ತು, ಅದು ಬೇರೆ ಮಾತು. ಪ್ರಾಮಾಣಿಕವಾಗಿಯೇ ಬರೆದಿದ್ದರೂ ಹನ್ನೆರಡು ಪ್ರಕರಣಗಳಿಂದ ‘ಇದರಿಂದಲೇ ಅದಾಯಿತು’ ಎನ್ನಲು ಬರುವುದಿಲ್ಲ. ‘ಹೇಗೆ ನಡೆಯಿತು’ ಎಂಬ ಪ್ರಶ್ನೆಗೆ ಕೇಸ್ ಸ್ಟಡಿ ಆರಿಸಿ, ‘ಎಷ್ಟು ಸಾಮಾನ್ಯ’ ಎಂಬ ಪ್ರಶ್ನೆಗೆ ಬೇಡ. ಒಳಗಿನ ದಾಖಲೆ ಕೊಡಲು, ಮಾತಾಡಲು ಸಿದ್ಧರಿರುವ ಜನ ನಿಮಗೆ ಗೊತ್ತಿದ್ದರೆ ಮಾತ್ರ ಕೈಹಾಕಿ. ಪತ್ರಿಕಾ ವರದಿ ಮತ್ತು ಕಂಪನಿಯ ವೆಬ್‌ಸೈಟ್ ಇಟ್ಟುಕೊಂಡು ಬರೆದ ಕೇಸ್ ಸ್ಟಡಿ ಜಾಹೀರಾತಿನಂತೆ ಓದಿಸಿಕೊಳ್ಳುತ್ತದೆ.

ಪಠ್ಯದ ವಿಶ್ಲೇಷಣೆ

ಸಾಹಿತ್ಯ, ತತ್ವಶಾಸ್ತ್ರ, ಮಾಧ್ಯಮ ಅಧ್ಯಯನದವರಿಗೆ ಪುರಾವೆ ಪಠ್ಯದೊಳಗೇ ಇದೆ. ಆಕರ ಹುಡುಕುವ ಓಡಾಟ ಕಡಿಮೆ, ಓದುವ ಶ್ರಮ ಹೆಚ್ಚು. ಕಾಲರಾ ಕಾಲದ ಪತ್ರಿಕೆಗಳು ಬಡವರ ಕೇರಿಗಳನ್ನು ವರ್ಣಿಸಿದ ಬಗೆ ಒಂದು ಸೊಗಸಾದ ಟಾಪಿಕ್. ಇಲ್ಲಿ ಕಥೆಯನ್ನು ಮತ್ತೆ ಹೇಳುವ ಚಟ ದೊಡ್ಡ ಅಪಾಯ. ಉದ್ಧರಿಸಿದ ಪ್ರತಿ ಸಾಲಿನ ಕೆಳಗೆ ಆ ಸಾಲಿನ ಬಗ್ಗೆ ನಿಮ್ಮದೇ ಮೂರು ನಾಲ್ಕು ವಾಕ್ಯ ಇರದಿದ್ದರೆ ಆ ಉದ್ಧರಣೆಯನ್ನು ತೆಗೆದುಬಿಡಿ. ಪುಸ್ತಕ ಒಂದೇ ಸಾಕು, ಒಂದು ಅಧ್ಯಾಯವಾದರೆ ಇನ್ನೂ ಒಳ್ಳೆಯದು. ಸಮಯ ತೀರಾ ಕಡಿಮೆ ಇರುವವರಿಗೆ, ಓದುವ ಅಭ್ಯಾಸವಿದ್ದರೆ, ನಾನು ಮೊದಲು ಸೂಚಿಸುವುದು ಇದನ್ನೇ.

ಉಲ್ಲೇಖ ಶೈಲಿಗಳು

ಆಕರಗಳನ್ನು ಉಲ್ಲೇಖಿಸುವ ಶೈಲಿಯನ್ನು ವಿಭಾಗವೇ ಹೇಳಿದ್ದರೆ ಚರ್ಚೆಗೆ ಜಾಗವಿಲ್ಲ. ಆಯ್ಕೆ ನಿಮಗೆ ಬಿಟ್ಟಿದ್ದರೆ, ಮನಃಶಾಸ್ತ್ರ, ಶಿಕ್ಷಣ, ಸಮಾಜವಿಜ್ಞಾನಗಳಿಗೆ ಎಪಿಎ (ಅಮೆರಿಕನ್ ಸೈಕಲಾಜಿಕಲ್ ಅಸೋಸಿಯೇಷನ್ ಶೈಲಿ). ಅದರಲ್ಲಿ ಲೇಖಕರ ಹೆಸರಿನ ಪಕ್ಕ ವರ್ಷ ಬರುತ್ತದೆ, ಏಕೆಂದರೆ ಆ ಕ್ಷೇತ್ರಗಳಲ್ಲಿ ಅಧ್ಯಯನ ಹಳೆಯದೋ ಹೊಸದೋ ಎಂಬುದು ಮುಖ್ಯ. ಸಾಹಿತ್ಯಕ್ಕೆ ಎಂಎಲ್ಎ (ಮಾಡರ್ನ್ ಲ್ಯಾಂಗ್ವೇಜ್ ಅಸೋಸಿಯೇಷನ್ ಶೈಲಿ), ಅಲ್ಲಿ ಪುಟಸಂಖ್ಯೆ ಬರುತ್ತದೆ, ಓದುಗ ಆ ಸಾಲನ್ನು ಹುಡುಕಿ ನೋಡಲೆಂದು. ಇತಿಹಾಸಕ್ಕೆ ಷಿಕಾಗೋ ಶೈಲಿಯ ಅಡಿಟಿಪ್ಪಣಿ ಒಗ್ಗುತ್ತದೆ. ಹಳೆಯ ಪತ್ರ, ಕಡತ, ಹಸ್ತಪ್ರತಿಗಳ ವಿವರ ಎರಡು ಪದದಲ್ಲಿ ಹಿಡಿಯುವುದಿಲ್ಲವಲ್ಲ. ಎಂಜಿನಿಯರಿಂಗ್ ಮತ್ತು ಕಂಪ್ಯೂಟರ್ ವಿಜ್ಞಾನಕ್ಕೆ ಚೌಕ ಆವರಣದ ಸಂಖ್ಯೆಗಳಿರುವ ಐಇಇಇ, ವೈದ್ಯಕೀಯಕ್ಕೆ ಸಂಖ್ಯೆಗಳದೇ ಇನ್ನೊಂದು ಪದ್ಧತಿಯಾದ ವ್ಯಾಂಕೋವರ್. ಆವೃತ್ತಿಯನ್ನೂ ನೋಡಿಕೊಳ್ಳಿ: ಎಪಿಎ ಏಳನೆಯ ಆವೃತ್ತಿ 2019ರಲ್ಲಿ, ಎಂಎಲ್ಎ ಒಂಬತ್ತನೆಯದು 2021ರಲ್ಲಿ, ಷಿಕಾಗೋ ಹದಿನೆಂಟನೆಯದು 2024ರಲ್ಲಿ ಬಂದಿವೆ. ಹಳೆಯ ಆವೃತ್ತಿಯ ಮಾದರಿಗಳು ಅಂತರ್ಜಾಲದಲ್ಲಿ ಇನ್ನೂ ಓಡಾಡುತ್ತಿವೆ.

ಮೊದಲ ದಿನದಿಂದಲೇ ಜೊಟೆರೋದಂಥ ಉಚಿತ ತಂತ್ರಾಂಶದಲ್ಲಿ ಆಕರಗಳನ್ನು ಸೇರಿಸುತ್ತ ಹೋದರೆ ಶೈಲಿ ಬದಲಿಸುವುದು ನಿಮಿಷಗಳ ಕೆಲಸ. ಚಾಟ್‌ಬಾಟ್ ಕೊಟ್ಟ ಆಕರಪಟ್ಟಿಯನ್ನು ಮಾತ್ರ ಹಾಗೇ ಅಂಟಿಸಬೇಡಿ. ಇಲ್ಲದ ಲೇಖನಗಳಿಗೆ ನಂಬುವಂಥ ಹೆಸರು, ವರ್ಷ, ಪುಟ ಕೊಡುವುದು ಅವಕ್ಕೆ ಸಲೀಸು. 2023ರಲ್ಲಿ ನ್ಯೂಯಾರ್ಕಿನ ಫೆಡರಲ್ ನ್ಯಾಯಾಲಯವೊಂದು, ಚಾಟ್‌ಜಿಪಿಟಿ ಕಟ್ಟಿಕೊಟ್ಟ ಅಸ್ತಿತ್ವದಲ್ಲೇ ಇಲ್ಲದ ತೀರ್ಪುಗಳನ್ನು ಉಲ್ಲೇಖಿಸಿದ ವಕೀಲರಿಗೆ 5,000 ಡಾಲರ್ ದಂಡ ಹಾಕಿತು. ತೆರೆದು ಓದದ ಯಾವುದನ್ನೂ ಪಟ್ಟಿಗೆ ಸೇರಿಸದಿದ್ದರೆ ಈ ಭಯವೇ ಇಲ್ಲ.

ಇನ್ನೂ ಎರಡು ಬಗೆಗಳ ನಡುವೆ ತೂಗಾಡುತ್ತಿದ್ದರೆ

ಎರಡಕ್ಕೂ ಒಂದೊಂದು ಪ್ರಶ್ನೆಯನ್ನು ಪೂರ್ಣ ವಾಕ್ಯದಲ್ಲಿ ಬರೆಯಿರಿ. ‘ಕಾಲರಾ ಮತ್ತು ಸಮಾಜ’ ಎಂಬಂಥ ಶೀರ್ಷಿಕೆ ಸಾಲದು, ಕೊನೆಯಲ್ಲಿ ಪ್ರಶ್ನಾರ್ಥಕ ಚಿಹ್ನೆ ಇರಬೇಕು. ಆಮೇಲೆ ಪ್ರತಿಯೊಂದಕ್ಕೂ ಒಂದೊಂದು ಗಂಟೆ ಕೊಟ್ಟು ಗೂಗಲ್ ಸ್ಕಾಲರ್ ಮತ್ತು ನಿಮ್ಮ ಗ್ರಂಥಾಲಯದ ಕ್ಯಾಟಲಾಗ್‌ನಲ್ಲಿ ಹುಡುಕಿ. ಶೀರ್ಷಿಕೆ ಸಿಕ್ಕರೆ ಸಾಲದು, ಪೂರ್ಣ ಪಠ್ಯ ತೆರೆದು ಓದಲು ಆಗಬೇಕು. ಅಂಥವು ಐದು ಕೂಡ ಸಿಗದ ಪ್ರಶ್ನೆಯನ್ನು ಬಿಟ್ಟುಬಿಡಿ. ಸಿಕ್ಕದ್ದು ಐನೂರಾದರೆ ಪ್ರಶ್ನೆ ಇನ್ನೂ ಅಗಲವಾಗಿದೆ. ಕಾಲ, ಜಾಗ, ಜನ ಈ ಮೂರರಲ್ಲಿ ಯಾವುದಾದರೂ ಒಂದನ್ನು ಕಿರಿದು ಮಾಡಿ ಮತ್ತೆ ಹುಡುಕಿ. ಎರಡೂ ಉಳಿದುಕೊಂಡರೆ, ಎರಡೂ ಪ್ರಶ್ನೆಗಳನ್ನು ಒಂದೇ ಹಾಳೆಯಲ್ಲಿ ಬರೆದು, ಸಿಕ್ಕ ಆಕರಗಳ ಹೆಸರು ಅದರ ಕೆಳಗೆ ಹಾಕಿ, ಮೊದಲ ವಾರದಲ್ಲೇ ನಿಮ್ಮ ಗೈಡ್ ಬಳಿ ಹೋಗಿ ತೋರಿಸಿ. ‘ಯಾವ ಟಾಪಿಕ್ ತಗೊಳ್ಳಲಿ’ ಎಂದು ಬರಿಗೈಲಿ ಹೋದವರಿಗೆ ಸಿಗುವ ಉತ್ತರಕ್ಕಿಂತ ಬಹಳ ಉಪಯುಕ್ತವಾದ ಉತ್ತರ ಆ ಹಾಳೆ ಹಿಡಿದು ಹೋದವರಿಗೆ ಸಿಗುತ್ತದೆ.